ತೋಳಿನ ಮಡಿಕೆ

ಮುಹರ್ರಕ್ ಪೇಟೆಯ ಹಿಂದಿನ ಗಲ್ಲಿ,
ಇನ್ನೂರು ಫಿಲ್ಸಿಗೊಂದು ತೋಬು ಇಸ್ತ್ರಿ.
ಇಲ್ಲಿ ನಾಲ್ಕೂವರೆ ಅಂದರೆ ಊರಲ್ಲಿ ಏಳು:
ಹಬೆಯ ನಡುವೆ, ಮೊಳೆಗೆ ಸಿಕ್ಕಿಸಿದ ಟಿವಿಯಲ್ಲಿ
ನಮ್ಮ ಧಾರಾವಾಹಿ.

ನನ್ನ ಕಣ್ಣಿಗೆ ಮೊದಲು ಬೀಳುವುದು ಬಟ್ಟೆ. ಮುಖ ಆಮೇಲೆ.
ನಾಯಕ ಬಾಗಿಲಲ್ಲಿ ನಿಂತು
"ಇನ್ನು ಈ ಮನೆಗೂ ನನಗೂ" ಅನ್ನುವಾಗ
ಅಂಗಿಯ ತೋಳು ಮೊಣಕೈವರೆಗೆ ಮಡಿಚಿತ್ತು.
"ಸಂಬಂಧ ಮುಗಿಯಿತು" ಅನ್ನುವಷ್ಟರಲ್ಲಿ
ತೋಳು ಇಳಿದು, ಗುಂಡಿ ಬಿದ್ದು,
ಮಡಿಕೆಯ ಗೆರೆಯೂ ಇಲ್ಲ.
ಮಡಿಚಿದ ಹತ್ತಿ ಅಷ್ಟು ಬೇಗ ಮರೆಯುವುದಿಲ್ಲ.
ಹದಿನೇಳು ವರ್ಷ ಅದರ ನೆನಪು ಅಳಿಸಿದ್ದೇ ನನ್ನ ಕಸುಬು.

"ಅದು ತಪ್ಪು ಅಲ್ಲ ಮಾರಾಯ," ಅಂದ ಗಂಗೊಳ್ಳಿಯ ಸೆವ್ರಿನ್,
ಕಾಲರಿಗೆ ನಂಬರು ಚೀಟಿ ಚುಚ್ಚುತ್ತ,
"ಮನೆ ಬಿಡುವವ ಅಲ್ಲವ?
ಅರ್ಧ ಮಾತಾಡಿ ಒಂದು ಗಂಟೆ ಸುಮ್ಮನೆ ನಿಂತಿದ್ದಾನೆ.
ಅದೆಲ್ಲ ತೋರಿಸಿದರೆ ಜಾಹೀರಾತಿಗೆ ಜಾಗ ಎಲ್ಲಿ?"

ಅತ್ತೆಯ ಹಸಿರು ಬಳೆ ಒಂದೇ ಬೈಗುಳದಲ್ಲಿ ಕೆಂಪಾದಾಗ
ಕುಷ್ಟಗಿ ಕಡೆಯ ಹುಸೇನಪ್ಪ:
"ಸೊಸಿ ಮ್ಯಾಲಿನ ಸಿಟ್ಟಿಗೆ ಕೈ ಗ್ವಾಡಿಗೆ ಬಡದಾಳ, ಒಡದಾವು.
ಹೊಸಾವು ಇಡಿಸ್ಕೊಂಡಾಳ.
ಬಳಿಗಾರನ್ನೂ ಕರದು ತೋರಿಸ್ಬೇಕೇನ ನಿನಗ?"

ನಡುಮನೆಯಲ್ಲಿ ರಾತ್ರಿ. ಅದೇ ಲೋಟ ಹಿಡಿದು
ಅಡುಗೆಮನೆಗೆ ಬಂದರೆ ಕಿಟಕಿಯಲ್ಲಿ ಬಿಸಿಲು.
ಮೊಯ್ದಿನಬ್ಬ ಗಡ್ಡ ಕೆರೆದು ಹೇಳಿದ:
"ದೊಡ್ಡವರ ಮನೆ. ನಡೆಯಲಿಕ್ಕೆ ಹೊತ್ತು ಬೇಕಲ್ಲ."

ತಂಗಿಯ ಪಾತ್ರದವಳೇ ಹೋಗಿ
ಅದೇ ಹೆಸರಿಗೆ ಹೊಸ ಮುಖ ಬಂದ ದಿನ ಮಾತ್ರ
ಯಾರೂ ತಕರಾರು ಎತ್ತಲಿಲ್ಲ, ಸಮಜಾಯಿಷಿಯೂ ಬೇಕಾಗಲಿಲ್ಲ.
ಎರಡು ವರ್ಷಕ್ಕೊಮ್ಮೆ ರಜೆಗೆ ಹೋಗುವವರಿಗೆ
ತಂಗಿಯರು ಹಾಗೆಯೇ ಕಾಣುವುದು.

ನಾನು ಹಟ ಬಿಡಲಿಲ್ಲ. ತಪ್ಪು ತಪ್ಪೇ.
ಊಟಕ್ಕೆ ಬಿಟ್ಟಿದ್ದಾರೆ, ಬಂದು ಮರೆತಿದ್ದಾರೆ.
ಎಷ್ಟು ಮಡಿಕೆ, ಯಾವ ಕೈ ಎಂದು
ಒಬ್ಬ ಬರೆದಿಟ್ಟುಕೊಳ್ಳಬೇಕಿತ್ತು.
ನಾವಿಲ್ಲಿ ಕಾಲ್ಚೀಲಕ್ಕೂ ಚೀಟಿ ಹಚ್ಚುತ್ತೇವೆ.

ಶುಕ್ರವಾರ ಶ್ರಾವ್ಯ ಫೋನಿನೊಳಗಿಂದ
ನನ್ನ ಹೆಗಲಾಚೆ ನೋಡಿದಳು.
ಒಂಬತ್ತು ವರ್ಷ. ಕಣ್ಣು ನನ್ನದೇ.
"ಪಪ್ಪಾ, ಅಲ್ಲೊಂದು ಗಡಿಯಾರ ಇತ್ತಲ್ಲ?
ಗೋಡೆ ನೀಲಿ ಇತ್ತು.
ನಿನ್ನ ಮಂಚದ ಮೇಲೆ ಇನ್ನೊಂದು ಮಂಚ ಇರಲಿಲ್ಲ."

ಬಾಯಿ ತೆರೆದೆ.
ಮೂರು ತಿಂಗಳು ತಪ್ಪಿದ ಬಾಡಿಗೆ, ಬೀಗ ಬದಲಿಸಿದ ಮಾಲೀಕ,
ಎಂಟು ಜನರ ಈ ಕೋಣೆ.
ಏನು ಹೇಳಬೇಕೆಂದು
ಬರೆದಿಟ್ಟುಕೊಂಡಿರಲಿಲ್ಲ ನಾನು.

ಅಷ್ಟರಲ್ಲಿ ಪರದೆಯ ಹೊರಗಿಂದ ಅವಳಮ್ಮ,
ಮುಖ ತೋರಿಸದೆ, ಅಕ್ಕಿ ಆರಿಸುವ ಸದ್ದಿನ ನಡುವೆ:
"ಬಣ್ಣ ಹೊಡೆಸ್ತಿದ್ದಾರೆ ಕಣೆ, ಗಡಿಯಾರ ಇಳಿಸಿಟ್ಟಿದ್ದಾರೆ.
ಮೇಲಿನದು ಸಾಮಾನು ಇಡ್ಲಿಕ್ಕೆ."

ನಾನು ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.
ಹೌದು ಎಂದೆ. ವಾಸನೆ ಇನ್ನೂ ಹೋಗಿಲ್ಲ ಎಂದೆ.

ಆಗ ನನಗೂ ಕಂಡಿತು:
ಮಗಳ ಜಡೆಯ ಹಿಂದೆ, ಹೊಲಿಗೆ ಯಂತ್ರದ ಮೂಲೆಯಲ್ಲಿ
ಸಿಮೆಂಟಿನ ಮೇಲೆ ನಾಲ್ಕು ಬಿಳಿ ಗುರುತು.
ಎಣ್ಣೆ ಹಾಕಿಸಲು ಒಯ್ದಿರಬೇಕು.
ಬೆಲ್ಟು ಸವೆದಿತ್ತು, ಹೇಳುತ್ತಿದ್ದಳು.
ಇಲ್ಲವೇ ಪಕ್ಕದ ಮನೆಯ ಮದುವೆ,
ರವಿಕೆಗಳ ರಾಶಿ ಬಿದ್ದಿರುತ್ತದೆ,
ಎರಡು ದಿನಕ್ಕೆಂದು ಕೇಳಿರುತ್ತಾರೆ, ಇವಳು ಕೊಟ್ಟಿರುತ್ತಾಳೆ.
ಮಳೆಗಾಲವಲ್ಲವೆ, ಆ ಮೂಲೆ ಸೋರುತ್ತದೆ ಕೂಡ.

ಕೇಳಲಿಲ್ಲ.

ಶನಿವಾರ ನಾಯಕ ಮನೆಗೆ ಮರಳಿದ.
ಹೊಸ್ತಿಲಾಚೆ ಗುಂಡಿ ಹಾಕಿದ ತೋಳು,
ಹೊಸ್ತಿಲು ದಾಟಿದರೆ ಮತ್ತೆ ಮೊಣಕೈವರೆಗೆ.
ಸೆವ್ರಿನ್ ಚೀಟಿ ಚುಚ್ಚುವುದು ನಿಲ್ಲಿಸಿದ.
ಮೂವರೂ ನನ್ನ ಕಡೆ ತಿರುಗಿ ಕಾದರು.

"ಒಳಗೆ ಸೆಕೆ ಇರಬೇಕು," ಅಂದೆ,
ಮುಂದಿನ ತೋಬಿಗೆ ನೀರು ಚಿಮುಕಿಸಿದೆ.